ಬದಲಾಪುರದ ನೀರು

ಲೀಲಾಧರನಿಗೆ ಬೀರು ಒಲಿದದ್ದು ಟೈಫಾಯ್ಡಿನ ದಯೆಯಿಂದ. ಎಪ್ಪತ್ತಮೂರರ ಮಳೆಗಾಲದಲ್ಲಿ ಡಾಕ್ಟರು ಬಾರ್ಲಿ ನೀರು ಕುಡಿಯಲು ಹೇಳಿದ್ದೇ ತಡ, ಗಂಡ ಬದುಕಲೇಬೇಕೆಂಬ ಹಠದಲ್ಲಿ ವಿಮಲಾ ಅರ್ಧ ಮೂಟೆ ಬಾರ್ಲಿ ತರಿಸಿಬಿಟ್ಟಳು. ಗಂಡ ಎದ್ದು ಕೂತ, ಬಾರ್ಲಿ ಉಳಿಯಿತು. ಬದಲಾಪುರದ ಹಂಚಿನ ಮನೆಯ ಮಾಡು ಸೋರಿ ಅದು ಮೊಳಕೆಯನ್ನೂ ಒಡೆಯಿತು.

ಅಂಬರನಾಥದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವನಿಗೆ ಧಾನ್ಯ ಚೆಲ್ಲಲು ಕೈ ಬಂದೀತೇ? ಮೊಳಕೆ ಬಾರ್ಲಿಯಿಂದ ಬೀರು ಮಾಡುತ್ತಾರೆಂದು ಜೊತೆಯ ಅಡುಗೆಯವ ದೇಜಪ್ಪ ಯಾವಾಗಲೋ ಹೇಳಿದ್ದ. ಲೀಲಾಧರ ಅದನ್ನು ಒಣಗಿಸಿ, ಕುಟ್ಟಿ, ಬಿಸಿನೀರಿನಲ್ಲಿಟ್ಟು ಸೋಸಿದ. ಕಹಿಗೆ ನೆಲಬೇವು ಹಾಕಿ ಕುದಿಸಿದ. ತಣಿದ ಮೇಲೆ ಊರಿಂದ ತಂದ ಹಲಸಿನ ಮರದ ಸಟ್ಟುಗದಿಂದ ತಿರುವಿ ಉಪ್ಪಿನಕಾಯಿ ಭರಣಿಯಲ್ಲಿ ಮುಚ್ಚಿಟ್ಟ. ಒಂದೆರಡು ದಿನದಲ್ಲಿ ಭರಣಿ ತನ್ನಷ್ಟಕ್ಕೆ ಗುಸುಗುಸು ಮಾತಾಡತೊಡಗಿತು. ಬಾಟಲಿಗೆ ತುಂಬಿ ಬಟ್ಟೆಯ ಬೀರುವಿನ ಕೆಳಖಾನೆಯಲ್ಲಿ ಅಡಗಿಸಿದ. ಹೀಗೆ ಬೀರುವಿನೊಳಗೆ ಬೀರು ಸೇರಿ ವಿಮಲಾಳ ಧಾರೆ ಸೀರೆಯೂ ಮಾಗಿದ ಬಾಳೆಹಣ್ಣಿನ ಪರಿಮಳ ಬೀರತೊಡಗಿತು. ಸರ್ಕಾರ ಕೇಳಿದರೆ ಅದು ಬಾರ್ಲಿ ಕಷಾಯ. ಪುಣ್ಯಕ್ಕೆ ಸರ್ಕಾರ ಕೇಳಲಿಲ್ಲ.

ಅದರ ಸುದ್ದಿ ಲೋಕಲ್ ರೈಲು ಹತ್ತಿ ಎರಡು ಗೆಳೆತನಗಳನ್ನು ತಂದಿತು. ಒಬ್ಬ ಡೊಂಬಿವಲಿಯ ಶಿವಪುತ್ರಪ್ಪ. ಬಿಜಾಪುರದ ಕಡೆಯವನು, ಕಲ್ಯಾಣದಲ್ಲಿ ಗುಮಾಸ್ತ, ಜೋಳದ ಬೀರು ಅವನ ಕಸುಬು. ಇನ್ನೊಬ್ಬ ಠಾಣೆಯ ಹೋಟೆಲೊಂದರ ಗಲ್ಲಾ ನೋಡುವ ಧರ್ಮಪಾಲ. ಅವನದು ಶುಂಠಿ ಬೀರು, ಬಾಟಲಿಯನ್ನೇ ಒಡೆಯುವ ಮುಂಗೋಪಿ. ಭಾನುವಾರ ಮಧ್ಯಾಹ್ನ ಮೂವರೂ ತಮ್ಮ ತಮ್ಮ ಬಾಟಲಿಗಳೊಂದಿಗೆ ಶಿವಪುತ್ರಪ್ಪನ ಚಾಳಿನ ಗ್ಯಾಲರಿಯಲ್ಲಿ ಕೂರುವರು. ಕೆಳಗೆ ರೈಲು ಹಳಿ.

"ಏನ್ರೀ ಧರ್ಮಪಾಲ, ಇವತ್ತ ಎಷ್ಟ ಬಾಟ್ಲಿ ಜೀವಂತ ಬಂದಾವು?"

"ಒಂದು ಮುಂಬ್ರಾದಲ್ಲಿ ಒಡೀತು ಮಾರಾಯ್ರೆ. ಪಕ್ಕದ ಮುದುಕ ‘ಬಾಂಬ್’ ಅಂತ ಕೂಗಿ ಇಳಿದೇ ಹೋದ. ಒಳ್ಳೇದಾಯ್ತು, ಸೀಟ್ ಸಿಕ್ಕಿತು."

ಲೀಲಾಧರ ಜೋಳದ ಬೀರು ಗುಟುಕರಿಸಿ ಕಣ್ಣು ಮುಚ್ಚುತ್ತಿದ್ದ. "ಶಿವಪುತ್ರಪ್ಪನವ್ರೇ, ಇದಕ್ಕೊಂದು ಒಗ್ಗರಣೆ ಕೊಟ್ರೆ ಊಟಕ್ಕೆ ಆಗ್ತದೆ."

"ನಗ್ರಿ, ನಗ್ರಿ. ನಿಮ್ದು ಬೀರು, ನಮ್ದು ಅಂಬಲಿ!"

ಕೊನೆಗೆ ಲೀಲಾಧರನ ಬಾಟಲಿ. ಪಾದ್ರಿ ಪೂಜೆಯಲ್ಲಿ ಬಟ್ಟಲು ಎತ್ತುವ ಹಾಗೆ ಶಿವಪುತ್ರಪ್ಪ ಸ್ಟೀಲ್ ಲೋಟ ಎತ್ತುವನು. ಒಂದು ಗುಟುಕಿಗೆ ಇಬ್ಬರೂ ಸುಮ್ಮನಾಗುವರು. ಜಗಳ, ಚೇಷ್ಟೆ, ಹೆಂಡಿರ ಮೇಲಿನ ದೂರು, ಎಲ್ಲ ನಿಂತು ಎರಡು ರೈಲು ಹಾದುಹೋಗುವಷ್ಟು ಮೌನ. ವಾರವಿಡೀ ಕಾರ್ಖಾನೆಯವರಿಂದ ‘ಸಾಂಬಾರು ನೀರು’ ಎಂದು ಬೈಸಿಕೊಳ್ಳುವ ಲೀಲಾಧರ ಬದುಕಿದ್ದದ್ದೇ ಆ ಮೌನಕ್ಕಾಗಿ.

"ಎಂತ ಗುಟ್ಟು?" ಎಂದು ಧರ್ಮಪಾಲ ಕೇಳಿದರೆ, "ನಮ್ಮ ಬಾವಿ ನೀರು" ಎನ್ನುವನು. ಅದನ್ನು ಅವನು ನಂಬಿಯೂ ಇದ್ದ.

ಎಂಬತ್ತಮೂರರಲ್ಲಿ ತುರ್ಭೆಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕನ ಕೆಲಸ ಸಿಕ್ಕಿ, ಸಂಸಾರ ವಾಶಿಯ ಹೊಸ ಫ್ಲ್ಯಾಟಿಗೆ ಬಂತು. ಗೃಹಪ್ರವೇಶ ಮುಗಿದ ಮರುವಾರವೇ ಬೀರು ಮಾಡಿದ. ಹುಳಿ. ಮತ್ತೆ ಮಾಡಿದ. ಮತ್ತೂ ಹುಳಿ. ಬದಲಾಪುರ ಬಿಟ್ಟದ್ದಕ್ಕೇ ಬದಲಾಯಿತು, ಎಲ್ಲ ನಳದ ನೀರಿನ ತಪ್ಪು ಎಂದು ತೀರ್ಮಾನಿಸಿದ.

ಡೊಂಬಿವಲಿಯಲ್ಲಿ ಗೆಳೆಯರು ಅದನ್ನು ಕುಡಿದು ಒಟ್ಟಿಗೇ ಬಾಯಿ ಬಿಟ್ಟರು.

"ಚಲೋ ಐತಿ."

"ಒಳ್ಳೇದುಂಟು, ಒಳ್ಳೇದುಂಟು."

ಹೊಗಳಿದರಲ್ಲ! ಒಂದು ರೈಲಿನಷ್ಟೂ ಮೌನವಿಲ್ಲ. ಲೀಲಾಧರ ಉಳಿದದ್ದಕ್ಕೆ ಬಿರಡೆ ಹಾಕಿದ.

ಅಂದಿನಿಂದ ಅವನು ಭಾನುವಾರ ಬೆಳಗಾದರೆ ದೊಡ್ಡ ಪ್ಲಾಸ್ಟಿಕ್ ಕ್ಯಾನ್ ಹಿಡಿದು ಬಸ್ಸಿನಲ್ಲಿ ಠಾಣೆಗೆ, ಅಲ್ಲಿಂದ ಲೋಕಲಿನಲ್ಲಿ ಬದಲಾಪುರಕ್ಕೆ ಹೋಗಿ ಹಳೆಯ ಬಾವಿಯಿಂದ ನೀರು ಸೇದಿ, ವಾಪಸು ಬರುತ್ತ ಡೊಂಬಿವಲಿಯಲ್ಲಿ ಇಳಿಯತೊಡಗಿದ.

"ಕ್ಯಾ ಹೈ ಇಸ್ಮೆ? ತೇಲ್?" ಎಣ್ಣೆಯೇ ಎಂದು ಸಹಪ್ರಯಾಣಿಕನೊಬ್ಬ ಕೇಳುವನು.

"ಪಾನೀ. ವಾಶಿ ಲೇ ಜಾನಾ ಹೈ."

"ಪಾನೀ? ವಾಶಿ ಮೆ ಸಮುಂದರ್ ಸೂಖ್ ಗಯಾ ಕ್ಯಾ?" ವಾಶಿಯ ಸಮುದ್ರವೇ ಬತ್ತಿತೇ ಎಂದು ರೈಲಿನ ಇಡೀ ಡಬ್ಬಿ ನಗುತ್ತಿತ್ತು. ಕ್ಯಾನ್ ಹೊತ್ತು ಹೊತ್ತು ಭುಜ ಇಳಿದುಹೋಯಿತು. ಆದರೂ ಬೀರು ಹುಳಿಯೇ. ಗೆಳೆಯರು ಹೊಗಳುತ್ತಲೇ ಇದ್ದರು. ಇನ್ನೊಮ್ಮೆ ಕೆಟ್ಟರೆ ಭರಣಿಯಲ್ಲಿ ಉಪ್ಪಿನಕಾಯಿ ಹಾಕೆಂದು ವಿಮಲಾಳಿಗೆ ಹೇಳಿಯೂಬಿಟ್ಟ.

ದೀಪಾವಳಿಯ ಮುಂಚಿನ ಒಂದು ಭಾನುವಾರ ಶಿವಪುತ್ರಪ್ಪ ಲೋಟ ಚಾಚಿದ. "ಈ ಸಲ ಊರಿಂದ ಜೋಳ ಬರಲಿಲ್ರಿ. ನಾನೂ ಬಾರ್ಲಿ ಹಾಕೀನಿ. ಬೈಬ್ಯಾಡ್ರಿ."

ಲೀಲಾಧರ ಮೂಗಿನ ಹತ್ತಿರ ತಂದ. ಮಾಗಿದ ಬಾಳೆಹಣ್ಣು, ಧಾರೆ ಸೀರೆ, ಸೋರುವ ಮಾಡು, ಬಾವಿಕಟ್ಟೆ. ಗುಟುಕರಿಸಿದ. ಒಂದು ರೈಲು ಹೋಯಿತು. ಇನ್ನೊಂದು ಹೋಯಿತು.

"ಯಾಕ್ರೀ, ಒಗ್ಗರಣಿ ಬೇಕೇನು?"

"ಇದು ಎಲ್ಲಿಂದ ಬಂತು?"

ಶಿವಪುತ್ರಪ್ಪ ಕಾನ್ವೆಂಟಿನ ಮದರ್ ಸುಪೀರಿಯರ್ ಮುಂದೆ ನಿಂತ ಹುಡುಗನಂತೆ ಅಂಗಿಯ ಗುಂಡಿ ಹಿಡಿದುಕೊಂಡ. ಉತ್ತರ ಬಂದದ್ದು ಬಾಗಿಲಲ್ಲಿದ್ದ ಅವನ ಹೆಂಡತಿ ನೀಲಗಂಗಾಳಿಂದ.

"ನೀವು ಬದಲಾಪುರದಾಗ ಇದ್ದಾಗ ನಿಮ್ಮ ಖಾಲಿ ಬಾಟ್ಲಿ ನಾನ ತೊಳೀತಿದ್ನೆಲ್ಲಾ ಅಣ್ಣಾರ? ತಳದಾಗ ಗಸಿ ಇರತಿತ್ತು. ಚೆಲ್ಲಾಕ ಮನಸ್ಸ ಬರಲಿಲ್ಲ, ಇವರ ಗಡಗ್ಯಾಗ ಸುರುವಿದೆ. ಅಂಬಲಿ ಹುಳಿ ಬರಿಸೋ ಗಡಗಿ ತಿಕ್ಕಬಾರ್ದಂತ ನಮ್ಮವ್ವ ಹೇಳ್ತಿದ್ಲು. ಅವತ್ತಿನಿಂದ ಗಡಗಿನೂ ತಿಕ್ಕಿಲ್ಲ, ಅದರ ಕೋಲೂ ತೊಳದಿಲ್ಲ."

"ಗಸಿಯಾ?" ಧರ್ಮಪಾಲ ಕಣ್ಣರಳಿಸಿದ. "ನಮ್ಮಲ್ಲಿ ಗಸಿ ಅಂದ್ರೆ ಕೋಳಿ ಸಾರು!"

ಲೀಲಾಧರ ನಗಲಿಲ್ಲ. ಜೋಳದ ಬೀರು ಕೆಲವು ವರ್ಷಗಳಿಂದ ಸುಧಾರಿಸಿದ್ದು ಅವನ ನಾಲಿಗೆಗೆ ಗೊತ್ತಿತ್ತು, ಬಾಯಿ ಮಾತ್ರ ಒಪ್ಪಿರಲಿಲ್ಲ. ಈಗ ಕಣ್ಣ ಮುಂದೆ ಬಂದದ್ದು ವಾಶಿಯ ಗೃಹಪ್ರವೇಶ. ಹೊಸ ಮನೆಗೆ ಹಳೆಯ ಕೊಳೆ ಬೇಡವೆಂದು ವಿಮಲಾ ಭರಣಿಯಿಂದ ಸಟ್ಟುಗದವರೆಗೆ ಎಲ್ಲವನ್ನೂ ಸೋಡಾ ಹಾಕಿ ಕುದಿಸಿ, ತಿಕ್ಕಿ, ಕಿಟಕಿಯಲ್ಲಿ ಒಣಗಿಸಿದ್ದಳು. ಬೀರು ಹುದುಗಿಸುವ ಗಸಿ, ಬಾಳೆಹಣ್ಣಿನ ಪರಿಮಳ, ಎರಡೂ ಅಂಟಿದ್ದದ್ದು ಆ ಮರದ ಸಟ್ಟುಗದಲ್ಲಿ. ನೀರು ಪಾಪ, ನಿರಪರಾಧಿ.

"ನನಗೆ ಒಂದು ಬಾಟ್ಲಿ ಗಸಿ ಕೊಡ್ತೀರಾ?"

"ಕೊಡ್ತೀನಿ. ಮೊದಲ ಇದು ಯಾರ ಬೀರು ಹೇಳ್ರಿ," ಎಂದ ಶಿವಪುತ್ರಪ್ಪ.

ನನ್ನದು ಎಂದರೆ ಸುಳ್ಳಾಗುತ್ತಿರಲಿಲ್ಲ. ಲೀಲಾಧರ ಲೋಟದ ತಳ ನೋಡಿದ.

"ನಿಮ್ಮದೇ. ನಾನು ನನ್ನದನ್ನು ತೊಳೆದು ಹಾಕಿದೆ. ಇನ್ನೂ ಸ್ವಲ್ಪ ಹಾಕಿ."

ಕ್ಯಾನಿನ ಬಾವಿ ನೀರಿನಲ್ಲಿ ನೀಲಗಂಗಾ ಎಲ್ಲರಿಗೂ ಚಹಾ ಮಾಡಿ, ಉಳಿದದ್ದನ್ನು ಕೊಡಕ್ಕೆ ಸುರಿದುಕೊಂಡಳು. ಬದಲಾಪುರದ ನೀರಿಗೆ ಚಹಾ ಬಹಳ ಚೆನ್ನಾಗಿ ಒಗ್ಗುತ್ತದೆಂದು ಧರ್ಮಪಾಲ ತೀರ್ಪು ಕೊಟ್ಟ.

ಠಾಣೆಯಿಂದ ವಾಶಿಯವರೆಗೂ ಬಸ್ಸಿನಲ್ಲಿ ಲೀಲಾಧರ ಹೆಂಡತಿಗೆ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದ. ಬಾಗಿಲು ತೆರೆದ ವಿಮಲಾ ಹಗುರಾದ ಕ್ಯಾನ್ ನೋಡಿದಳು.

"ಇವತ್ತು ನೀರು ಎಲ್ಲಿ? ಭುಜಕ್ಕೆ ಹಚ್ಚಲಿಕ್ಕೆ ಎಣ್ಣೆ ಬಿಸಿ ಮಾಡಿ ಇಟ್ಟಿದ್ದೆ."

ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. ಸಟ್ಟುಗವನ್ನು ಗಸಿಯಲ್ಲಿ ಅದ್ದಿ ಮೊಳೆಗೆ ನೇತುಹಾಕಿ, "ಇದೊಂದನ್ನು ತೊಳೀಬೇಡ. ನೀಲಗಂಗಮ್ಮ ಹೇಳಿದ್ದಾರೆ" ಎಂದ.

"ಅವರು ಹೇಳಿದ್ರೆ ಸರಿ. ನೀವು ಹೇಳಿದ್ರೆ ತೊಳೀತಿದ್ದೆ."

ಕ್ಯಾನಿನ ಬಾಯಿ ಕೊಯ್ದು ಅವಳು ಬಸಳೆ ನೆಟ್ಟಳು. ಬಸಳೆ ಕಿಟಕಿಯ ಗ್ರಿಲ್ ಹತ್ತುವ ಹೊತ್ತಿಗೆ ವಾಶಿಯ ನಳದ ನೀರಿನ ಬೀರು ಡೊಂಬಿವಲಿ ತಲುಪಿತು. ಶಿವಪುತ್ರಪ್ಪ ಲೋಟ ಎತ್ತಿದ. ಧರ್ಮಪಾಲ ಏನೋ ಹೇಳಹೊರಟು ಬಾಯಿ ಮುಚ್ಚಿಕೊಂಡ. ಕೆಳಗೆ ಕರ್ಜತ್ ಲೋಕಲ್ ಹಾದುಹೋಯಿತು. ಯಾರೂ ಹೊಗಳಲಿಲ್ಲ.