ಚೊಕ್ಕ ಸೈಕಲ್ಲು

ಮೊನ್ನೆ ಕೂಡ್ಲಿಗಿ ಬಸ್ ನಿಲ್ದಾಣದ ಎದುರು ಯಾರೋ ಅಂಗಡಿಯ ಶಟರಿಗೆ ಬಣ್ಣ ಹೊಡೆಯುತ್ತಿದ್ದರು. ಗಾಳಿಯ ಜೊತೆ ತಿನ್ನರಿನ ವಾಸನೆ ಬಂತು. ನಿಮಗೂ ಗೊತ್ತಿರಬೇಕು, ಈ ವಾಸನೆಗೆ ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ, ಕೆಲವರು ಕದ್ದು ಇನ್ನೊಮ್ಮೆ ಮೂಸುತ್ತಾರೆ. ನಾನು ಎರಡನೆಯ ಗುಂಪಿನವನು. ಆದರೆ ಈ ಸಲ ಮೂಗಿಗೆ ಬಡಿದದ್ದೇ ತಡ, ಹಡಗಲಿಯಲ್ಲಿರುವ ನನ್ನ ಗೆಳೆಯ ದುರುಗೇಶನ ಹಿತ್ತಲು ಕಣ್ಣಮುಂದೆ ಬಂತು; ಇನ್ನೊಮ್ಮೆ ಮೂಸದೆ ಮುಖ ತಿರುಗಿಸಿದೆ. ನಾನು ಅವನನ್ನೇ ನೋಡಲು ಹೊರಟಿದ್ದೆ. ಹೋಗುವುದಕ್ಕೆ ಮನಸ್ಸೇ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ದುರುಗೇಶ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಹುಟ್ಟಿದ್ದು ಹೊಳೆ ದಂಡೆಯ ಮಾಗಳದಲ್ಲಿ. ನಾವಿಬ್ಬರೂ ಹರಪನಹಳ್ಳಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದು ಅನ್ನ ಉಂಡವರು. ನಾನು ಮುಂದೆ ಕೂಡ್ಲಿಗಿಯ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಅವನಿಗೆ ಕಣ್ಣಿನದೇ ದೊಡ್ಡ ರಗಳೆ. ಬೇಡದ ಒಂದು ಗೆರೆ ಕಂಡರೂ ತಡೆದುಕೊಳ್ಳಲಾರ. ನನ್ನ ಮದುವೆಯ ಕರೆಯೋಲೆಯನ್ನು ಅವನಿಗೆ ಕೊಟ್ಟಾಗ ಅದನ್ನು ಹಿಂದೆ ಮುಂದೆ ತಿರುವಿ, "ಲೇ, ಇದರಾಗ ನಿನ್ನ ಹೆಸರು ಎಲ್ಲಿ ಐತಿ? ಬರೀ ನವಿಲೇ ಅದಾವ. ಲಗ್ನ ನಿಂದೋ, ನವಿಲಿಂದೋ?" ಎಂದಿದ್ದ. ನಾನು ಮನೆಗೆ ಗುಲಾಬಿ ಬಣ್ಣ ಹೊಡೆಸಿದಾಗ ಒಳಗೆ ಬರಲೇ ಇಲ್ಲ, ಬೀದಿಯಲ್ಲಿ ನಿಂತೇ ಚಹಾ ಕುಡಿದ. ಬೈಯುತ್ತಿದ್ದನೇ ಹೊರತು ಸಿಟ್ಟಿರಲಿಲ್ಲ. ಬೈಸಿಕೊಂಡು ಬೈಸಿಕೊಂಡು ನನಗೂ ಅದು ಊಟದ ಜೊತೆಯ ಉಪ್ಪಿನಕಾಯಿಯಂತೆ ಅಭ್ಯಾಸವಾಗಿಬಿಟ್ಟಿತ್ತು. ಅಪರೂಪಕ್ಕೆ ಏನಾದರೂ ಮೆಚ್ಚಿದರೆ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಚೊಕ್ಕ ಐತಿ." ಆ ಮಾತು ನನ್ನ ಯಾವ ವಸ್ತುವಿಗೂ ಸಿಗಲಿಲ್ಲ.

ಅವನ ಕಾಯಿಲೆ ಚಪ್ಪಲಿಯಿಂದ ಶುರುವಾಯಿತು. ನಡೆಯುತ್ತಿದ್ದಂತೆ ಎಡಗಾಲಿನ ಚಪ್ಪಲಿ ಎಲ್ಲೋ ಕಳಚಿ ಬೀಳುವುದು, ಇವನಿಗೆ ಗೊತ್ತೇ ಆಗದಿರುವುದು. ನಾವು ನಕ್ಕೆವು. ಆಮೇಲೆ ಬಸ್ಸಿನ ಮೆಟ್ಟಿಲು ಎಡವತೊಡಗಿದ. ದಾವಣಗೆರೆಯ ಡಾಕ್ಟರು ನರ ಸೋಲುವ ಕಾಯಿಲೆ ಎಂದರು. ಪಾದದಿಂದ ನಿಧಾನಕ್ಕೆ ಮೇಲೇರುತ್ತದೆ, ತಡೆಯುವ ಔಷಧವಿಲ್ಲ ಎಂದರು. ಜೊತೆಗೆ ಹೋಗಿದ್ದ ನಾನು ಅವನನ್ನು ಹಿಡಿದು ಬಸ್ಸು ಹತ್ತಿಸಿದೆ. ಹರಪನಹಳ್ಳಿ ದಾಟಿದ ಮೇಲೆ ಅವನು ಹೇಳಿದ.

"ಕಾಲು ಹೊಂಟಾವ. ಪೂರಾ ಹೋಗೋದ್ರೊಳಗ ಒಮ್ಮೆ ಗುಡ್ಡ ಹತ್ತಬೇಕಲೇ."

"ಯಾವ ಗುಡ್ಡ?"

"ನಿಮ್ಮೂರ ಕಡಿ ಬಂಡಿ ಗುಡ್ಡ. ಸೈಕಲ್ ಮ್ಯಾಲೆ. ನಡಿಯಾಕ ಪಾದ ಕೇಳಂಗಿಲ್ಲ, ತೊಡಿಯಾಗ ಇನ್ನೂ ಕಸುವು ಐತಿ. ಪೆಡಲ್ ತುಳಿಬಲ್ಲೆ."

ಕೂಡ್ಲಿಗಿಗೆ ಬಂದಾಗಲೆಲ್ಲ ಅವನು ಕಿಟಕಿಯಿಂದ ನೋಡುತ್ತಿದ್ದ ಗುಡ್ಡ ಅದು. ಕುರಿಯವರು ಓಡಾಡುವ ಕಾಲುದಾರಿ ಬಂಡೆಗಳ ನಡುವೆ ಸುತ್ತಿ ಸುತ್ತಿ ನೆತ್ತಿಯವರೆಗೆ ಹೋಗುತ್ತದೆ. ಅದಕ್ಕೆ ಪೇಟೆಯ ಸೈಕಲ್ಲು ನಡೆಯುವುದಿಲ್ಲ, ದಪ್ಪ ಗಾಲಿಯದು ಬೇಕು. ಕೊಂಡರೆ ಆಗುತ್ತಿತ್ತು. ಆದರೆ ಅಂಗಡಿಯ ಸೈಕಲ್ಲುಗಳ ಮೈತುಂಬ ಬೆಂಕಿ, ಮಿಂಚು, ಹುಲಿಯುಗುರಿನ ಸ್ಟಿಕ್ಕರುಗಳು. "ಅದನ್ನ ಹತ್ತಿದ್ರ ನಾ ಸರ್ಕಸ್ಸಿನಾಂವ ಕಾಣ್ತೀನಿ, ನಾವೇ ಕಟ್ಟೋಣು" ಎಂದ.

ಕಟ್ಟಿದೆವು. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬರು ಹುರುಪಿನಲ್ಲಿ ಕೊಂಡು ಮೂಲೆಗೆ ಹಾಕಿದ್ದ ಗೇರ್ ಸೈಕಲ್ಲಿನ ಅಲ್ಯೂಮಿನಿಯಂ ಫ್ರೇಮು ಸಿಕ್ಕಿತು. ಅದನ್ನು ಹಿತ್ತಲಿನಲ್ಲಿ ತೂಗುಹಾಕಿ, ತಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಸ್ಟಿಕ್ಕರು, ಕಂಪನಿಯ ಹೆಸರು, ಹಳೇ ಬಣ್ಣ ಎಲ್ಲವನ್ನೂ ಉಜ್ಜಿ ತೆಗೆದೆವು. ಹೊಳಪಿಲ್ಲದ ಬೂದಿ ಬಣ್ಣ ಹೊಡೆದೆವು. ಬೇಡವೆಂದು ಅವನು ತೆಗೆಸಿದ್ದನ್ನು ಹೇಳುವುದೇ ಸುಲಭ: ಮಡ್ಗಾರ್ಡು, ಕ್ಯಾರಿಯರ್ರು, ಸ್ಟ್ಯಾಂಡು, ಗಂಟೆ, ಮುಂದಿನ ಹಲ್ಲುಚಕ್ರಗಳಲ್ಲಿ ಒಂದನ್ನು ಬಿಟ್ಟು ಉಳಿದವು. ಕೊನೆಗೆ ಹಿಂದಿನ ಬ್ರೇಕಿನ ಕೇಬಲ್ಲೂ ಅವನ ಕಣ್ಣಿಗೆ ಚುಚ್ಚತೊಡಗಿತು. ಅದು ಪೈಪಿನೊಳಗೇ ಹೋಗಬೇಕಂತೆ. ತೂತು ಕೊರೆದು ದಾರ ಬಿಟ್ಟೆವು, ಅದು ಆ ಕಡೆ ಬರಲೊಲ್ಲದು. ಬಾಯಿಂದ ಹೀರು ಎಂದ. ಸರ್ಕಾರಿ ನೌಕರನಾದ ನಾನು ಪೈಪಿನ ತೂತಿಗೆ ಬಾಯಿ ಹಚ್ಚಿ ಎಳೆನೀರು ಕುಡಿದಂತೆ ಹೀರಿದೆ. ಬಂದದ್ದು ಲೋಹದ ಪುಡಿ. ಕಡೆಗೆ ಕೆಟ್ಟ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ಕಿತ್ತು, ಅದನ್ನು ಹೊರಗಿನಿಂದ ಜರುಗಿಸುತ್ತ ಉಕ್ಕಿನ ಕೇಬಲ್ಲನ್ನು ಒಳಗೇ ಎಳೆದು ತಂದೆವು. ಅವನಿಗೆ ನಗು ತಡೆಯಲಾಗಲಿಲ್ಲ. ಅವನು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಓಣಿಯವರಿಗೆ ಅದು ಅರ್ಧಕ್ಕೆ ನಿಂತ ಕೆಲಸದಂತೆ ಕಾಣುತ್ತಿತ್ತು. "ಇನ್ನೂ ಫಿಟ್ಟಿಂಗ್ ಮುಗಿದಿಲ್ಲೇನ್ರಿ ಮಾಸ್ತರ?" ಎಂದು ದಿನವೂ ಯಾರಾದರೊಬ್ಬರು ಕೇಳುವರು. ಒಬ್ಬರು ತಮ್ಮ ಮನೆಯಲ್ಲಿದ್ದ ಹಳೇ ಸ್ಟ್ಯಾಂಡನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. ದುರುಗೇಶನ ಹೆಂಡತಿ ರೇಣುಕಳಿಗೆ ಮಾತ್ರ ನಗು ಬರುತ್ತಿರಲಿಲ್ಲ.

"ಬೋಳು ಬೋಳು ಕಾಣ್ತೈತ್ರಿ. ಒಂದು ನಿಂಬಿಹಣ್ಣರ ಕಟ್ರಿ" ಎಂದಳು.

"ಬೋಳಲ್ಲ ಅದು, ಚೊಕ್ಕ!" ಎಂದು ಇವನು ಗದರಿದ.

ಅವನಿಗೆ ಅದು ಗೆರೆಯ ವಿಷಯ. ಗಂಡನ ಕಾಲು ದಿನದಿನಕ್ಕೆ ಸೋಲುತ್ತಿರುವ ಮನೆಯಲ್ಲಿ ಬೋಳು ಎಂಬ ಮಾತು ಹೆಂಗಸಿನ ಎದೆಯಲ್ಲಿ ಏನು ಮಾಡುತ್ತದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಬೇಸಿಗೆ ಕಳೆದ ಮೇಲೆ ಗುಡ್ಡಕ್ಕೆ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವನಿಗೆ ಜ್ವರ ಬಂದು ಎದೆ ಕಟ್ಟಿ, ದಾವಣಗೆರೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ರಜೆ ಹಾಕಿ ಜೊತೆಗಿದ್ದೆ. ಅಲ್ಲಿಯೂ ಅವನು ಅವನೇ. ಗ್ಲೂಕೋಸ್ ಏರುತ್ತಿರುವಾಗಲೇ ಎದುರು ಗೋಡೆಯ ಕ್ಯಾಲೆಂಡರನ್ನು ಬೈದ. "ಸೈಕಲ್ಲ ಗೋಡಿಗೆ ಒರಗಿಸೀನಿ, ಹ್ಯಾಂಡಲ್ಲಿಗೆ ಗೀರು ಬಿದ್ದೀತು. ಅರಿವಿ ಇಡಾಕ ಹೇಳಲೇ" ಎಂದು ಫೋನು ಮಾಡಿಸಿದ. ಜ್ವರ ಇಳಿಯಿತು. ಕಾಲುಗಳ ಕಸುವು ಮಾತ್ರ, ತೊಡೆಯವರೆಗೆ, ಆ ಮಂಚದಲ್ಲೇ ಉಳಿದುಹೋಯಿತು.

ಮನೆಗೆ ಕರೆತಂದ ದಿನ ಆಟೋದಿಂದ ಅವನನ್ನು ಎತ್ತಿಕೊಂಡು ಇಳಿದವನು ನಾನು. ಅಂಗಳದಲ್ಲಿ ಸೈಕಲ್ಲು ಸ್ಟ್ಯಾಂಡಿನ ಮೇಲೆ ನಿಂತಿತ್ತು. ಹೌದು, ಸ್ಟ್ಯಾಂಡಿನ ಮೇಲೆ. ಗಂಡ ಬದುಕಿ ಬಂದರೆ ಅವನ ಬಂಡಿಗೆ ನಿನ್ನ ಹೆಸರು ಬರೆಸುತ್ತೇನೆಂದು ರೇಣುಕ ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದಳು. ಬೋರ್ಡು ಬರೆಯುವವನನ್ನು ಕರೆಸಿ, ಆ ಬೂದಿ ಬಣ್ಣದ ಮೇಲೆ ಹಳದಿ ಕೆಂಪಿನಲ್ಲಿ 'ಏಳುಕೋಟಿ ಮೈಲಾರಲಿಂಗ ಪ್ರಸನ್ನ' ಎಂದು ಬರೆಸಿದ್ದಳು. ಎರಡೂ ಕಡೆ ಕಮಲ. ಬರೆಸಿದ ಮೇಲೆ ಅರೆಮನಸ್ಸು ಯಾಕೆಂದು ಮಡ್ಗಾರ್ಡು, ಕ್ಯಾರಿಯರ್ರು, ಗಂಟೆ, ಮುಂದೊಂದು ಬುಟ್ಟಿ, ಗಾಲಿಯ ಕಡ್ಡಿಗಳಿಗೆ ಬಣ್ಣದ ಮಣಿ, ಹ್ಯಾಂಡಲ್ಲಿಗೆ ನಿಂಬೆಹಣ್ಣು ಮೆಣಸಿನಕಾಯಿ. ಅಷ್ಟು ಪ್ರೀತಿಯಿಂದ ಯಾರೂ ಯಾವುದನ್ನೂ ಕೆಡಿಸಿರಲಾರರು. ಅವಳು ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು, ಹೆದರಿಕೆಯೂ ಸಂತೋಷವೂ ಕೂಡಿದ ಮುಖದಲ್ಲಿ ನಿಂತಿದ್ದಳು.

ಈಗ ಬೈಯುತ್ತಾನೆ, ಅವಳು ಅಳುತ್ತಾಳೆ, ನಾನು ನಡುವೆ ಹೋಗಬೇಕು ಎಂದುಕೊಂಡೆ. ಅವನು ನನ್ನ ತೋಳಿನಲ್ಲಿದ್ದುಕೊಂಡೇ ಸೈಕಲ್ಲನ್ನು ನೋಡಿದ.

"ಚಂದಾಗೈತಿ" ಎಂದ. "ಒಳಗ ನಡಿ."

ರೇಣುಕ ಸಂತೋಷಕ್ಕೆ ಅತ್ತೇಬಿಟ್ಟಳು. ಆಮೇಲೆ ನಾವಿಬ್ಬರೇ ಇದ್ದಾಗ ಮೆಲ್ಲಗೆ ಕೇಳಿದೆ: "ತಿನ್ನರ್ ತರ್ಲೇನು? ಅಕಿಗೆ ಹೇಳಿ ಒರಿಸಿಬಿಡೋಣು."

"ಯಾಕ? ಇರ್ಲಿ ಬಿಡು."

ಗುಡ್ಡದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೆಂಡತಿಯ ಮನಸ್ಸು ಮುರಿಯಬಾರದೆಂದು ಹಾಗೆ ಅಂದಿದ್ದಾನೆ, ಒಳಗೆ ಉರಿಯುತ್ತಿದ್ದಾನೆ, ನಾಳೆಯೋ ನಾಡಿದ್ದೋ ಹೊರಗೆ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ಮತ್ತೆ ಹೋಗಿ ಬಂದೆ. ಆ ಉರಿ ಹೊರಗೆ ಬರಲಿಲ್ಲ.

ಅದಕ್ಕೇ ಮೊನ್ನೆ ಬಸ್ಸು ತಡವಾದಾಗ ಎದುರಿನ ಬಟ್ಟೆಯಂಗಡಿಗೆ ನುಗ್ಗಿ ಒಂದು ಅಂಗಿ ಕೊಂಡೆ. ಗಿಳಿಹಸಿರು ಬಣ್ಣ, ಮೈತುಂಬ ತಾಟಿನಗಲದ ಕಿತ್ತಳೆ ಹೂವು, ಬಂಗಾರದ ಗುಂಡಿ. ಅಂಗಡಿಯವನಿಗೇ ಅನುಮಾನ ಬಂದು "ನಿಮಗೇನ್ರಿ?" ಎಂದು ಕೇಳಿದ. ಅಲ್ಲೇ ತೊಟ್ಟುಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟು ಕೊಟ್ಟು ಇನ್ನೊಮ್ಮೆ ತಿರುಗಿ ನೋಡಿದ. ಈ ವಯಸ್ಸಿನಲ್ಲಿ ಇಂಥ ವೇಷ ಹಾಕಿಕೊಂಡು, ಒಬ್ಬನ ಬಾಯಿಂದ ಒಂದು ಬೈಗುಳ ಬೀಳಲಿ ಎಂದು ದಾರಿಯುದ್ದಕ್ಕೂ ಬೇಡಿಕೊಳ್ಳುತ್ತಿದ್ದೆ.

ದುರುಗೇಶ ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಬೀದಿ ನೋಡುತ್ತಿದ್ದ. ನಾನು ಬೆಳಕು ಬೀಳುವಲ್ಲಿ ಹೋಗಿ ನಿಂತೆ.

"ಹೊಸಾದೇನು?" ಎಂದ.

"ಹೂಂ. ಹೆಂಗೈತಿ?"

"ಚಂದ ಐತಿ."

"ಸರಿ ನೋಡಲೇ."

"ನೋಡೀನಲ್ಲ. ನಿನಗ ಒಪ್ಪತೈತಿ."

ಅವನ ಕಣ್ಣು ಆಗಲೇ ಬೀದಿಯ ಕಡೆ ಹೊರಳಿತ್ತು. ರೇಣುಕ ಚಹಾ ತಂದಳು. "ನೋಡ್ರಿ ಅಣ್ಣಾರ, ಈಗ ಯಾರಿಗೂ ಒಂದು ಮಾತು ಅನ್ನಂಗಿಲ್ಲ. ಎಷ್ಟು ಸಮಾಧಾನ ಆಗ್ಯಾರ. ದೇವ್ರು ಕಣ್ಣು ತೆರದ" ಎಂದಳು.

ನಾನು ಹೂಂ ಎಂದೆ. ಆ ಹೆಣ್ಣುಮಗಳಿಗೆ ಬೇರೆ ಏನು ಹೇಳಲಿ? ನನ್ನ ಗೆಳೆಯ ಎದುರಿಗೇ ಕೂತಿದ್ದ, ಉಸಿರಾಡುತ್ತಿದ್ದ, ನನ್ನನ್ನು ಬೈಯುತ್ತಿದ್ದವನು ಮಾತ್ರ ಆ ಮನೆಯಲ್ಲಿ ಇರಲಿಲ್ಲ.