ಮಗ್ಗದ ಮನೆಯಲ್ಲಿ ಫ್ರೆಂಚ್ ಮಾತು

ದೊಡ್ಡ ಯುದ್ಧ ಮುಗಿದು ನಾನು ದೊಡ್ಡಉಳ್ಳಾರ್ತಿಗೆ ವಾಪಸ್ಸು ಬಂದಾಗ ತಂದದ್ದು ಒಂದು ಹಳೆಯ ಕೋಟು, ಬಾಯಿ ತುಂಬ ಫ್ರೆಂಚ್ ಮಾತು. ಎರಡು ವರ್ಷ ಫ್ರಾನ್ಸಿನ ಮಾರ್ಸೇಯ ಬಂದರಿನಲ್ಲಿ ಸೈನ್ಯದ ಹೇಸರಗತ್ತೆಗಳನ್ನು ನೋಡಿಕೊಂಡಿದ್ದೆ. ಮೊದಲ ದಿನ ಅಲ್ಲಿನ ಗಾಡಿಯವನೊಬ್ಬ ‘ಅಲೇ, ಅಲೇ’ ಎಂದು ಕೂಗಿದ. ಅಲ್ಲೇ ಇರು ಅನ್ನುತ್ತಿದ್ದಾನೆಂದು ನಾನು ನಿಂತೆ. ಅವರಲ್ಲಿ ಅದಕ್ಕೆ ‘ನಡಿ’ ಎಂದರ್ಥ. ಕತ್ತೆಗೆ ಗೊತ್ತಿತ್ತು. ಹಗ್ಗ ಹಿಡಿದಿದ್ದ ನನ್ನನ್ನೂ ಎಳೆದುಕೊಂಡು ಹೊರಟಿತು.

ಈ ಕತೆ ಚಳ್ಳಕೆರೆ ಸಂತೆಯಿಂದ ಮೊಳಕಾಲ್ಮುರಿಗೆ ಮುಟ್ಟಿತು. ಅಲ್ಲಿನ ಹಿರಿಯ ನೇಕಾರರೊಬ್ಬರು ನನ್ನನ್ನು ಕರೆಸಿದರು. ಅವರ ರೇಷ್ಮೆ ಸೀರೆಗೆ ಮನಸೋತಿದ್ದ ಪಾಂಡಿಚೇರಿಯ ಫ್ರೆಂಚ್ ವರ್ತಕನೊಬ್ಬ ಮನೆಮಂದಿಯನ್ನೆಲ್ಲ ತನ್ನೂರಿಗೆ ಕರೆದೊಯ್ದು ಅಲ್ಲಿ ಮಗ್ಗ ಹಾಕಿಸಬೇಕೆಂದಿದ್ದ.

“ಓದು ಬರಹ ಬ್ಯಾಡಪ್ಪ. ಬೀದೀಲಿ ಆಡೋ ಮಾತು ಕಲಿಸು, ಸಾಕು,” ಅಂದರು.

ನನಗೆ ಬರುತ್ತಿದ್ದುದೂ ಅಷ್ಟೇ.

ಮರುದಿನ ಬೆಳಗ್ಗೆ ಹೊಸ್ತಿಲಲ್ಲಿ ನಿಂತು ಅವರ ಹೆಂಡತಿಗೆ “ಸಾ ವಾ?” ಅಂದೆ. ಚೆನ್ನಾಗಿದ್ದೀರಾ ಎಂದು ಕೇಳಿದ್ದು. ಅಜ್ಜಿ ಮೊರ ಕೆಳಗಿಟ್ಟರು.

“ಏಮಯ್ಯಾ, ಬೆಳಗ್ಗೆ ಬೆಳಗ್ಗೆ ಬಾಗ್ಲಲ್ಲಿ ನಿಂತ್ಕಂಡು ಸಾವಾ ಅಂತೀಯಲ್ಲ.”

ಅದೇ ಕ್ಷೇಮಸಮಾಚಾರವೆಂದು ನಂಬಿಸಲು ಅರ್ಧ ದಿನ ಹಿಡಿಯಿತು. ಆಮೇಲೂ ಆಕೆ ದೇವರ ಗೂಡಿನ ಕಡೆ ಕೈಮುಗಿದೇ ಆ ಮಾತು ಆಡುತ್ತಿದ್ದರು.

ಪಾಠ ನಡೆಯುತ್ತಿದ್ದುದು ಮಗ್ಗದ ಪಕ್ಕದಲ್ಲೇ. ಲಾಳಿ ಒಮ್ಮೆ ಓಡಿದರೆ ಒಂದು ಮಾತು. ಎಲ್ಲರಿಗಿಂತ ಬೇಗ ಹಿಡಿದವಳು ಅವರ ಸೊಸೆ. ತುಂಬ ಹಸಿದರೆ ಅಲ್ಲಿನವರು ‘ನನಗೆ ತೋಳದ ಹಸಿವು’ ಅನ್ನುತ್ತಾರೆ ಎಂದೆ. ತೋಳ ತಿರುಗುವ ಹುಲ್ಲುಗಾವಲಿನ ಪಕ್ಕ ಹುಟ್ಟಿದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಗಂಟಲು ಕಟ್ಟಿದರೆ ‘ಗಂಟಲಲ್ಲಿ ಬೆಕ್ಕು ಐತೆ’ ಅನ್ನಬೇಕು ಎಂದಾಗ ಮಾತ್ರ ಎಳೆ ಬಿಟ್ಟು ನಕ್ಕಳು.

ಯಜಮಾನರಿಗೆ ಹಿಡಿಸಿದ್ದು ‘ಮೊಂ ವ್ಯೋ’. ನನ್ನ ಮುದುಕ ಎಂದರ್ಥ. ಗೆಳೆಯರ ನಡುವೆ ನಮ್ಮ ‘ಲೇ’ ಇದ್ದ ಹಾಗೆ.

“ಸಾಹುಕಾರರಿಗೆ ಮಾತ್ರ ಅನ್ಬ್ಯಾಡ್ರಿ ಮತ್ತೆ,” ಎಂದು ಎಚ್ಚರಿಸಿದ್ದೆ.

ಎರಡು ತಿಂಗಳಿಗೆ ವರ್ತಕ ಹೆಂಡತಿಯೊಡನೆ ಬಂದ. ರಾಯದುರ್ಗದವರೆಗೆ ರೈಲು, ಅಲ್ಲಿಂದ ಎತ್ತಿನ ಗಾಡಿ. ಅಜ್ಜಿ ಬಾಗಿಲಿಗೆ ಹೋಗಿ, ನಾನು ಕಲಿಸಿದಂತೆಯೇ, “ಹ್ಯೂ, ಹ್ಯೂ,” ಎಂದು ಒಳಗೆ ಕರೆದರು. ದಂಪತಿ ಮುಖ ಮುಖ ನೋಡಿಕೊಂಡರು. ಯಜಮಾನರು ಎದ್ದು ನಿಂತರು, ಬಾಯಿ ತೆರೆದರು, ದನಿ ಹೊರಡಲಿಲ್ಲ.

ಆಗ ಮಗ್ಗದ ಹಿಂದಿನಿಂದ ಸೊಸೆ ಸ್ಪಷ್ಟವಾದ ಫ್ರೆಂಚಿನಲ್ಲಿ ಹೇಳಿದಳು: “ಮಾವನ ಗಂಟಲಲ್ಲಿ ಬೆಕ್ಕು ಐತೆ.”

ವರ್ತಕನ ಹೆಂಡತಿ ದೊರೆಸಾನಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗುವಿಗೆ ಯಜಮಾನರ ದನಿಯೂ ಮರಳಿತು. ಸೀದಾ ಹೋಗಿ ವರ್ತಕನ ಕೈಹಿಡಿದು “ಸಾ ವಾ, ಮೊಂ ವ್ಯೋ?” ಅಂದುಬಿಟ್ಟರು. ನಾನು ತಲೆ ತಗ್ಗಿಸಿದೆ. ವರ್ತಕ ಅವರ ಹೆಗಲ ಮೇಲೆ ಕೈಹಾಕಿ, “ಸಾ ವಾ, ಮೊಂ ವ್ಯೋ,” ಅಂದ.

ಕಲಿಸಿದವರು ಯಾರೆಂದು ದೊರೆಸಾನಿ ಕೇಳಿದಳು. ಮುಂದೆ ಬಂದೆ.

“ಇದು ಮಾರ್ಸೇಯ ಗಾಡಿಯವರ ಮಾತು,” ಅಂದಳು. “ನನ್ನ ತಂದೆಯೂ ಅಲ್ಲೇ ಗಾಡಿ ಹೊಡೆಯುತ್ತಿದ್ದ. ಇಂಥ ಮಾತು ಕೇಳಿ ಎಷ್ಟು ವರ್ಷವಾಯಿತು. ಆದರೆ ಆ ‘ಹ್ಯೂ’ ಕುದುರೆ ಓಡಿಸುವುದಕ್ಕೆ, ನೆಂಟರನ್ನು ಕರೆಯುವುದಕ್ಕಲ್ಲ.”

ಇದನ್ನು ಕನ್ನಡದಲ್ಲಿ ಹೇಳಿದಾಗ ಅಜ್ಜಿ ನನ್ನತ್ತ ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಆದರೂ ಮೊದಲು ನಕ್ಕವರು ಅವರೇ. ಊಟಕ್ಕೆ ಕೂತಾಗ ದೊರೆಸಾನಿ ಬಂದರಿನ ಬೀದಿಗಳ ಹೆಸರು ಒಂದೊಂದೇ ಹೇಳಿದಳು, ನಾನು ಅಲ್ಲಿನ ಅಂಗಡಿಗಳನ್ನು ನೆನೆದು ಹೇಳಿದೆ. ಇಬ್ಬರಿಗೂ ಮುದ್ದೆ ಆರಿದ್ದು ತಿಳಿಯಲಿಲ್ಲ.

ಯಜಮಾನರ ಮನೆಮಂದಿಯೆಲ್ಲ ಪಾಂಡಿಚೇರಿಗೆ ಹೋದರು. ನನ್ನನ್ನೂ ಕರೆದರು. ಸಮುದ್ರ ನೋಡಿದ್ದು ಸಾಕಾಗಿತ್ತು, ಕುರಿ ಕಾಯುತ್ತ ಉಳಿದೆ. ಎರಡು ವರ್ಷದ ಮೇಲೆ ಅವರು ಯುಗಾದಿಗೆ ಬಂದಾಗ ನೋಡಲು ಹೋದೆ. ಸೊಸೆಯೊಡನೆ ಹೆಮ್ಮೆಯಿಂದ ಫ್ರೆಂಚ್ ಶುರುಮಾಡಿದೆ.

“ಅಣ್ಣಾ, ಹಂಗನ್ನಲ್ಲ,” ಎಂದು ತಡೆದಳು. “ಕೂತ್ಕ, ಹೇಳಿಕೊಡ್ತೀನಿ.”

ಜಗಲಿಯ ಮೇಲೆ ಕೂತೆ. ಅವತ್ತು ಹತ್ತು ಹೊಸ ಮಾತು ಕಲಿತೆ, ಎರಡು ಸಲ ಬೈಸಿಕೊಂಡೆ.