ನೀಲಿಯನ್ನು ಕೆಂಪು ಎಂದೆ

ಶಿವೂ, ಅವ್ವನಿಗೆ ಸುಳ್ಳು ಹೇಳಿದ್ದು ಆ ಗಾಜಿನ ನಳಿಗೆಯಲ್ಲ, ನಾನು. ಇಷ್ಟು ವರ್ಷ ನೀನು ಅದನ್ನು ಬೈಯುತ್ತ ಬಂದೆ. ನಿನ್ನ ಅಕ್ಕನಾದ ನಾನು ಪಕ್ಕದಲ್ಲೇ ಕೂತು ಕೇಳುತ್ತ ಬಂದೆ.

ಎಪ್ಪತ್ತರ ದಶಕದ ಮಾತು. ನನ್ನ ಮೊದಲ ಕೂಸು ಹುಟ್ಟಿದ ದಿನವೇ ಹೋಗಿತ್ತು; ಎದೆಯ ಹಾಲು ಇನ್ನೂ ಬತ್ತಿರಲಿಲ್ಲ. ಇವರು ಬೆಳಿಗ್ಗೆ ಬಟ್ಟೆ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ಬರುವವರು. ಸೊಲ್ಲಾಪುರದ ಆ ಮನೆಯಲ್ಲಿ ನಾನೊಬ್ಬಳೇ. ಅಷ್ಟರಲ್ಲಿ ಅವ್ವನಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಔಷಧ ಹೊಂದಿಕೊಳ್ಳುವವರೆಗೆ ಡಾಕ್ಟರ ಹತ್ತಿರ ಇರಲಿ ಎಂದು ಅಪ್ಪ ಅವಳನ್ನು ಅಕ್ಕಲಕೋಟೆಯಿಂದ ಕರೆತಂದು ನಮ್ಮಲ್ಲಿ ಬಿಟ್ಟುಹೋದ.

ಬೆರಳು ಚುಚ್ಚಿ ರಕ್ತ ನೋಡುವ ಯಂತ್ರ ಆಗ ನಮ್ಮಂಥವರ ಮನೆಯಲ್ಲಿ ಎಲ್ಲಿತ್ತು? ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಕೆಲವು ಹನಿ ಮೂತ್ರ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು — ಅದು ಬಂದರೆ ಸಕ್ಕರೆ ಏರಿದೆ ಎಂದು. ಅವ್ವ ಹೇಸಿಕೊಂಡು ಆ ಕಡೆ ನೋಡುತ್ತಲೇ ಇರಲಿಲ್ಲ. ಕಾಯಿಸುವವಳು ನಾನು, ಬಣ್ಣ ಹೇಳುವವಳೂ ನಾನು.

"ನೀ ಹೇಳೋ ರಂಗಿನ ಮ್ಯಾಲೇ ನಾ ಇನ್ಸುಲಿನ್ ಕೊಡಾಂವ ತಂಗಿ. ನೀಟ ನೋಡಿ ಹೇಳು," ಎಂದಿದ್ದರು ಡಾಕ್ಟರು. ತಿಳಿಯದೆ ಮಾಡಿದೆ ಎನ್ನಲು ನನಗೆ ಬಾಯಿಲ್ಲ.

ಅವ್ವ ಬಂದ ಮೇಲೆ ನನಗೆ ಊಟ ಸೇರಿತು, ನಿದ್ದೆ ಹತ್ತಿತು. ಮಧ್ಯಾಹ್ನ ನನ್ನ ತಲೆಗೆ ಎಣ್ಣೆ ಒತ್ತುತ್ತ, ಕೂಸಿನ ಮಾತು ಎತ್ತದೆ, ಊರಿನ ಸುದ್ದಿಯೆಲ್ಲ ಹೇಳುವಳು. ಆಮೇಲೆ ಮೆಲ್ಲಗೆ ಕೇಳುವಳು: "ಇವತ್ತ ಬಣ್ಣ ಹ್ಯಾಂಗ ಬಂತವ್ವಾ? ನೀಲಿ ಬಂತಂದ್ರ ನಾ ಊರಿಗೆ ಹೋಗ್ತೀನಿ. ಶಿವ್ಯಾ ರೊಟ್ಟಿ ಬಡಿಯಾಕ ಹೋಗಿ ಕೈ ಸುಟ್ಕೊಂಡಾನಂತ."

ಒಂದು ಬೆಳಿಗ್ಗೆ ನೀಲಿ ಬಂತು. ಕಿಟಕಿಯ ಬೆಳಕಿಗೆ ಹಿಡಿದೆ — ಅನುಮಾನವೇ ಇಲ್ಲ. ಖುಷಿಪಡಬೇಕಿತ್ತು. ನನ್ನ ಕಣ್ಣಿಗೆ ಕಟ್ಟಿದ್ದು ಗಂಟು ಹಿಡಿದು ಮೆಟ್ಟಿಲಿಳಿಯುವ ಅವ್ವನ ಬೆನ್ನು. ನಳಿಗೆಯಲ್ಲಿದ್ದುದನ್ನು ಮೋರಿಗೆ ಚೆಲ್ಲಿದೆ.

"ಕೆಂಪ ಐತಿ ಅವ್ವಾ," ಎಂದೆ.

ಡಾಕ್ಟರಿಗೂ ಅದನ್ನೇ ಹೇಳಿದೆ. ಮರುದಿನವೂ, ಅದರ ಮರುದಿನವೂ. ಅವರು ಇನ್ಸುಲಿನ್ ಏರಿಸಿದರು. ಸೂಜಿ ಚುಚ್ಚಿದ್ದು ಇದೇ ಕೈ. ಆಗಲಾದರೂ ಈ ಕೈ ಯಾಕೆ —

ಜೋಳ ಹಸನು ಮಾಡುತ್ತ ಕೂತಿದ್ದ ಅವ್ವ ಒಮ್ಮೆಲೇ ಬೆವರಿದಳು, ನಡುಗಿದಳು. "ಯಾರವ್ವಾ ನೀ?" ಎಂದು ನನ್ನನ್ನೇ ಕೇಳಿ, ಮೊರದ ಮೇಲೆ ವಾಲಿದಳು. ಡಾಕ್ಟರು ಬಂದು ನರಕ್ಕೆ ಗ್ಲುಕೋಸ್ ಕೊಟ್ಟ ಮೇಲೆ ಕಣ್ಣು ಬಿಟ್ಟಳು.

"ಸಕ್ಕರಿ ಪೂರಾ ಇಳದಿತ್ತು. ಖರೇನ ಕೆಂಪ ಬಂದಿತ್ತೇನು?" ಅವರು ನನ್ನ ಮುಖ ನೋಡಿದರು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನ ಕೈ ಹಿಡಿದಳು. "ಆಕಿಗೇನೂ ಅನಬ್ಯಾಡ್ರಿ ಸಾಹೇಬ್ರ. ಆ ನಳಿಗಿನೇ ಸುಳ್ಳ ಹೇಳೈತಿ. ನನ್ನ ಮಗಳು ಕಣ್ಣಾಗ ಕಣ್ಣಿಟ್ಟು ನೋಡ್ಕೊಂಡಾಳ."

ಸುಮ್ಮನಿದ್ದುಬಿಟ್ಟೆ.

ಊರಿಗೆ ಮರಳಿದ ಅವ್ವ ಮತ್ತೆಂದೂ ಆ ದೀಪ ಹಚ್ಚಲಿಲ್ಲ. ಅಪ್ಪ ಎಷ್ಟು ಬೇಡಿಕೊಂಡರೂ, "ಅದರ ಮಾತ ಕೇಳಿ ಒಮ್ಮೆ ಸಾಯಾಕ ಹೋಗಿದ್ದೆ," ಎನ್ನುವಳು. ಸಕ್ಕರೆ ಏರಿದ್ದೂ ತಿಳಿಯದೆ, ಇಳಿದದ್ದೂ ತಿಳಿಯದೆ ವರ್ಷಗಳು ಹೋದವು, ಕಣ್ಣೂ ಹೋದವು. ಕಡೆಗೆ ನನ್ನ ಕೆನ್ನೆ ಮುಟ್ಟಿ, "ಸೊರಗೀದಿ ಮಗಳ," ಎನ್ನುತ್ತಿದ್ದಳು. ಆಗಲೂ ಹೇಳಲಿಲ್ಲ.

ಈಗ ನಿನಗೂ ಸಕ್ಕರೆ ಕಾಯಿಲೆಯಂತೆ. ನಿನ್ನ ಸೊಸೆ ತಂದ ಯಂತ್ರವನ್ನು ಪೆಟ್ಟಿಗೆ ಸಮೇತ ಅಟ್ಟದ ಮೇಲೆ ಇಟ್ಟಿದ್ದೀಯಂತೆ — "ಮನ್ಯಾಗಿನ ಅಳತಿ ನಂಬೇ ನಮ್ಮವ್ವ ಕೆಟ್ಟಳು" ಎಂದೆಯಂತೆ. ಫೋನಿನಲ್ಲಿ ಅವಳು ಅತ್ತಳು.

ಯಂತ್ರ ತುಸು ಹೆಚ್ಚುಕಡಿಮೆ ತೋರಿಸಬಹುದು ಶಿವೂ; ಅನುಮಾನ ಬಂದರೆ ಇನ್ನೊಮ್ಮೆ ನೋಡು, ದವಾಖಾನೆಯಲ್ಲೂ ನೋಡಿಸು. ಆದರೆ ಅವ್ವನನ್ನು ಕೆಡಿಸಿದ್ದು ಅಳತೆಯಲ್ಲ. ನಾಳೆ ಬರುತ್ತೇನೆ. ಇದನ್ನೆಲ್ಲ ನಿನ್ನೆದುರು ಕೂತು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ನನ್ನ ಜೊತೆ ಮಾತು ಬಿಟ್ಟರೂ ಸರಿ, ಆ ಪೆಟ್ಟಿಗೆಯನ್ನು ಮಾತ್ರ ಕೆಳಗಿಳಿಸು.